ಚಿಗರಿಗೆ ಕಲಿಸಿದ ಕೂಗು

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ನಮ್ಮ ಬೀದರ ಸೀಮೆಯ ಊರುಗಳೊಳಗೆ ಒಂದು ನರಪಿಳ್ಳೆಯೂ ಸಿಗುವುದಿಲ್ಲ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯ ಗಡಿಗೆ ಹೇರಿಕೊಂಡು ಎಲ್ಲರೂ ಹೊಲ ಸೇರಿರುತ್ತಾರೆ. ಪೂಜೆಯಾದ ಮೇಲೆ ಅಡುಗೆಯಲ್ಲಿ ಒಂದಿಷ್ಟನ್ನು ಕಲಸಿ ಬೆಳೆಯ ಸುತ್ತ ಚೆಲ್ಲುತ್ತೇವೆ. ಅದಕ್ಕೆ ಚರಗ ಎನ್ನುವುದು. ಒಬ್ಬರು ಚೆಲ್ಲುತ್ತ ಮುಂದೆ ಹೋದರೆ ಇನ್ನೊಬ್ಬರು ಅಂಬಲಿ ಚಿಮುಕಿಸುತ್ತ ಹಿಂದೆ ಬರಬೇಕು, ಹೊಟ್ಟೆಯಿಂದ ದನಿ ತೆಗೆದು ಕೂಗಬೇಕು. ಆ ಕೂಗಿಗೆ ಏನು ಅರ್ಥವೋ ಯಾರಿಗೂ ಗೊತ್ತಿಲ್ಲ. ಭೂಮಿತಾಯಿಗೆ ಗೊತ್ತಾದರೆ ಸಾಕು ಎನ್ನುತ್ತಿದ್ದಳು ಆಯಿ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಈಗ ನಾನೂ ಅವಳ ಆಗಿನ ವಯಸ್ಸಿಗೆ ಬಂದಿದ್ದೇನೆ. ಆ ಕೂಗು ಕಿವಿಗೆ ಬಿದ್ದರೆ ಇವತ್ತಿಗೂ ಎದ್ದು ಒಳಗೆ ಹೋಗಿಬಿಡುತ್ತೇನೆ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವುದಕ್ಕೆ ಮುಂಚಿನ ಕೊನೆಯ ಎಳ್ಳಮಾಸಿ ಅದು. ನನಗೆ ಹತ್ತು ವರ್ಷ. ಅಪ್ಪ ಔರಾದಿನ ತಹಶೀಲ ಕಚೇರಿಯಲ್ಲಿ ಗುಮಾಸ್ತ, ನಮ್ಮ ಹೊಲ ಸಂತಪುರದ ಹತ್ತಿರ. ಚರಗದ ಹಿಂದೆ ಬರುತ್ತಿದ್ದ ಆಯಿ ಬಿಳಿಜೋಳದ ಸಾಲಿನಲ್ಲಿ ತಟ್ಟನೆ ನಿಂತಳು. ಕಾಲಬುಡದಲ್ಲಿ ಒಂದು ಚಿಗರಿ ಮರಿ, ಅಂದರೆ ಜಿಂಕೆಯ ಮರಿ, ಕುತ್ತಿಗೆ ನೆಲಕ್ಕೆ ಹಚ್ಚಿ ಮಲಗಿತ್ತು. ನಾವಷ್ಟು ಜನ ಗದ್ದಲ ಮಾಡುತ್ತ ಸುತ್ತುವರಿದರೂ ಅಲುಗಲಿಲ್ಲ. ತಾಯಿ ಸತ್ತಿರಬೇಕು, ಇದಕ್ಕೆ ಏಳುವ ತ್ರಾಣವೂ ಇಲ್ಲ ಎಂದು ಎಲ್ಲರೂ ಒಂದೇ ಬಾಯಿಯಲ್ಲಿ ತೀರ್ಪು ಕೊಟ್ಟೆವು. ಆಯಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಸಂಜೆಯ ಬಂಡಿಯಲ್ಲಿ ಅದು ನಮ್ಮ ಜೊತೆ ಔರಾದಿಗೆ ಬಂತು.

ಮೊದಲ ಎರಡು ದಿನ ಅದು ಏನೂ ಕುಡಿಯಲಿಲ್ಲ. ಆಯಿ ಆಡಿನ ಹಾಲಿಗೆ ಅರ್ಧ ನೀರು ಬೆರೆಸಿ, ಅರಿವೆಯ ಬತ್ತಿ ಅದ್ದಿ ಬಾಯಿಗಿಟ್ಟಳು. ಕುಡಿಸಿದ ಮೇಲೆ ಬಿಸಿನೀರಿನ ಅರಿವೆಯಿಂದ ಅದರ ಹಿಂಭಾಗ ಒರೆಸುತ್ತಿದ್ದಳು. ತಾಯಿ ನೆಕ್ಕದಿದ್ದರೆ ಮರಿ ಉಚ್ಚೆಯನ್ನೂ ಹೊಯ್ಯುವುದಿಲ್ಲ, ಹೊಟ್ಟೆ ಉಬ್ಬಿ ಸಾಯುತ್ತದೆ ಎಂದು ತಾಯಿಯಿಲ್ಲದ ಆಡಿನ ಮರಿಗಳನ್ನು ಸಾಕಿ ಅವಳು ಕಲಿತಿದ್ದಳು. ಮೂರನೆಯ ದಿನ ಬತ್ತಿಯನ್ನು ಜಗ್ಗಿ ಚೀಪಿತು. ಬೆಳಿಗ್ಗೆ ತಾನು ವಿಭೂತಿ ಹಚ್ಚಿಕೊಂಡ ಬೆರಳನ್ನೇ ಅದರ ಹಣೆಗೂ ಎಳೆದು ಆಯಿ ಕಣ್ಣು ಒರೆಸಿಕೊಂಡಳು.

ಒಂದು ವಾರ ಕಳೆದಿರಬೇಕು. ಚಿಂತಾಕಿ ಕಡೆಯ ಕುರಿಗಾರನೊಬ್ಬ ಔರಾದಿನ ಸಂತೆಗೆ ಬಂದವನು ನಮ್ಮ ಮನೆಗೂ ಬಂದ. ಅಂಗಳದಲ್ಲಿದ್ದ ಮರಿಯನ್ನು ನೋಡಿ, ಕೊಟ್ಟ ನೀರು ಕುಡಿದು, ಮೆಲ್ಲಗೆ ಹೇಳಿದ.

“ಆಯಿ, ಇದು ತಬ್ಬಲಿ ಅಲ್ರಿ. ಚಿಗರಿ ಹಾಂಗೇ ಮರಿ ಬಚ್ಚಿಟ್ಟು ಮೇಯಾಕ ಹೋಗತಾವ್ರಿ. ಇದರ ತಾಯಿ ಮೂರು ದಿನ ನಿಮ್ಮ ಹೊಲದಾಗೇ ತಿರಗಲಕತ್ತಿತ್ರಿ.”

ಎಲ್ಲ ಹೊಲದಲ್ಲೂ ಜನ ತುಂಬಿದ ದಿನ ಆ ತಾಯಿ ಹೇಗೆ ಬಂದೀತು? ಮರಿ ತ್ರಾಣವಿಲ್ಲದೆ ಮಲಗಿರಲಿಲ್ಲ, ಅಲುಗಬೇಡ ಎಂದು ತಾಯಿ ಕಲಿಸಿದ್ದಕ್ಕೆ ಮಲಗಿತ್ತು. ಅವತ್ತು ಆಯಿ ಊಟ ಮಾಡಲಿಲ್ಲ. ತಾಯಿಯ ಮಗ್ಗುಲಿನಿಂದ ಕದ್ದು ತಂದೆ, ತಿರುಗಿ ಅದರ ಬಳಗಕ್ಕೆ ಮುಟ್ಟಿಸುವವರೆಗೆ ನನಗೆ ಗತಿಯಿಲ್ಲ ಎಂದಳು. ಆಯಿ ಮಾತು ಕೊಟ್ಟರೆ ಮುಗಿಯಿತು, ಅಪ್ಪನೂ ಎದುರಾಡುತ್ತಿರಲಿಲ್ಲ.

ನಾನು ಮಾತ್ರ ಅದು ನನ್ನದೇ ಎಂದುಕೊಂಡಿದ್ದೆ. ಹಾಲಿನ ಹೊತ್ತಿಗೆ ನಾನು ತಮಾಷೆಗೆ ಚರಗದ ಕೂಗು ಹಾಕುತ್ತಿದ್ದೆ. ಅದು ಎಲ್ಲಿದ್ದರೂ ನಾಲ್ಕೂ ಕಾಲು ಎತ್ತಿ ಜಿಗಿಯುತ್ತ ಬರುತ್ತಿತ್ತು. ಮನೆಯವರೆಲ್ಲ ನಗುತ್ತಿದ್ದರು, ಆಯಿಯೂ ನಗುತ್ತಿದ್ದಳು. ಅಪ್ಪ ಆಗ ಸಂಜೆಯ ಹೊತ್ತು ಪಾಟಿಯ ಮೇಲೆ ಕನ್ನಡ ಅಕ್ಷರ ತಿದ್ದುತ್ತಿದ್ದ. ಹುಟ್ಟಿದಾಗಿನಿಂದ ಮಾತಾಡಿದ್ದು ಕನ್ನಡ, ಓದಿದ್ದು ಬರೆದದ್ದೆಲ್ಲ ಉರ್ದು. ಈಗ ಕಾಗದಪತ್ರ ಕನ್ನಡಕ್ಕೆ ತಿರುಗುತ್ತದೆ ಎಂದು ಸುದ್ದಿ ಹಬ್ಬಿತ್ತು. ನಾನೂ ಈ ಚಿಗರಿಯೂ ಒಂದೇ ಸಾಲಿಯಲ್ಲಿ ಕಲಿತವರು, ಇಬ್ಬರಿಗೂ ನಮ್ಮ ಮಂದಿಯ ವಿದ್ಯೆ ಬರುವುದಿಲ್ಲ ಎಂದು ಅವನು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದ.

ಮಳೆಗಾಲ ಹಿಡಿಯುತ್ತಲೇ ಆಯಿ ಮರಿಯನ್ನು ಹೊಲಕ್ಕೆ ಸಾಗಿಸಿ ತಾನೂ ಸಂತಪುರದಲ್ಲಿ ಅಪ್ಪನ ತಮ್ಮ ಕಾಕಾನ ಮನೆಯಲ್ಲಿ ಉಳಿದಳು. ಹೊಲದಲ್ಲಿ ಮುಳ್ಳುಬೇಲಿಯ ದೊಡ್ಡಿ ಹಾಕಿಸಿದಳು. ನಮಗೆಲ್ಲ ಕಟ್ಟುನಿಟ್ಟಾಗಿ ಹೇಳಿದಳು: ಯಾರೂ ಮುಟ್ಟಬಾರದು, ಯಾರೂ ಕರೆಯಬಾರದು, ಮೇವು ಒಗೆದು ಹಿಂತಿರುಗಿ ನೋಡದೆ ಬರಬೇಕು.

“ಮನಷ್ಯಾರಂದ್ರ ಅದಕ್ಕ ಹೆದರಿಕಿ ಬರಬೇಕವ್ವ. ಹೆದರಿದ್ರೇ ಅದು ಉಳಿತದ.”

ಅದು ಅವಳ ವಾಸನೆ ಹಿಡಿದು ಬೇಲಿಯ ಹತ್ತಿರ ಬಂದರೆ ಮಣ್ಣಿನ ಹೆಂಟೆ ಎಸೆಯುತ್ತಿದ್ದಳು. ಎಸೆದು, ಬದುವಿನ ಮೇಲೆ ಕೂತು ಅಳುತ್ತಿದ್ದಳು. ನಾನದನ್ನು ಕಣ್ಣಾರೆ ನೋಡಿದ್ದೇನೆ. ನೋಡಿಯೂ, ಸಾಲಿಗೆ ಸೂಟಿ ಇದ್ದಾಗಲೆಲ್ಲ ಹೊಲಕ್ಕೆ ಹೋಗಿ ದೊಡ್ಡಿಯ ಹಿಂದೆ ಕೂತು ಸಣ್ಣ ದನಿಯಲ್ಲಿ ಆ ಕೂಗು ಹಾಕುತ್ತಿದ್ದೆ. ಬೇಲಿಯ ಸಂದಿನಲ್ಲಿ ಬಲಗೈ ತೂರಿಸಿ ಬೆಲ್ಲ ನೆಕ್ಕಿಸುತ್ತಿದ್ದೆ. ಎಲ್ಲರಿಗೂ ಹೆದರಿದರೂ ನನಗೊಬ್ಬಳಿಗೆ ಹೆದರಬಾರದು ಎಂಬ ಹಟ. ಹತ್ತು ವರ್ಷದವಳಿಗೆ ಏನು ತಿಳಿಯುತ್ತದೆ ಎಂದು ನೀವು ಹೇಳಬಹುದು. ಕದ್ದು ಮಾಡಬೇಕು ಎಂಬಷ್ಟು ತಿಳಿದಿತ್ತು.

ದಸರೆ ಕಳೆದ ಮೇಲೆ ಆಯಿ ಒಂದು ಪರೀಕ್ಷೆ ಮಾಡಿದಳು. ದೂರ ನಿಂತು ತಾನೇ ಚರಗದ ಕೂಗು ಹಾಕಿದಳು. ಚಿಗರಿ ತಲೆ ಎತ್ತಲಿಲ್ಲ, ಮೇಯುತ್ತಲೇ ಇತ್ತು. “ಮರತದ ನೋಡು, ಪೂರಾ ಮರತದ,” ಎಂದು ಆಯಿ ನನ್ನ ಕೆನ್ನೆ ಸವರಿದಳು. ಅದು ಆಯಿಯ ದನಿಗಷ್ಟೇ ತಲೆ ಎತ್ತಲಿಲ್ಲ ಎಂದು ನನಗೆ ಗೊತ್ತಿತ್ತು.

ನಾವು ಮೈಸೂರು ರಾಜ್ಯದವರಾದ ತಿಂಗಳಲ್ಲೇ ಅಪ್ಪನಿಗೆ ಭಾಲ್ಕಿಗೆ ವರ್ಗವಾಯಿತು. ಅದೇ ತಿಂಗಳು ಚಿಗರಿಗಳ ಹಿಂಡು ನಮ್ಮ ಹೊಲದ ಕಡೆ ಇಳಿಯಿತು. ಆಯಿ ದೊಡ್ಡಿಯ ಬಾಗಿಲು ತೆಗೆಸಿದಳು. ಮೂರು ದಿನ ಅದು ಹೋಗಿ ಹೋಗಿ ತಿರುಗಿ ಬಂತು. ನಾಲ್ಕನೆಯ ದಿನ ಬರಲಿಲ್ಲ, ಆಯಿ ನಮ್ಮ ಮನೆಗೆ ಮರಳಿದಳು. ಹಿಂಡಿನ ಅಂಚಿನಲ್ಲಿ ಮೇಯುತ್ತಿದೆ, ಬೆರಳುದ್ದದ ಕೋಡಿನ ಗಂಡು, ಅದೇ ಎಂದು ಕಾಕಾ ಹೇಳಿ ಕಳಿಸಿದ. ಕಚೇರಿಯಲ್ಲಿ ಹೊಸ ರಾಜ್ಯದ ಸಲುವಾಗಿ ಪೇಡೆ ಹಂಚುತ್ತಿದ್ದರು. ಆಯಿ ಚಿಗರಿಯ ಸಲುವಾಗಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಅವಳ ಮುಖದ ಮೇಲೆ ಅಷ್ಟು ನೆಮ್ಮದಿಯನ್ನು ನಾನು ಮೊದಲು ಕಂಡಿರಲಿಲ್ಲ.

ಭಾಲ್ಕಿಯ ಸಾಲಿಯಲ್ಲಿ ನಾನು ಹೊಸಬಳು, ಯಾರೂ ಮಾತಾಡಿಸುತ್ತಿರಲಿಲ್ಲ. ಕರೆದರೆ ಓಡಿ ಬರುವ ಚಿಗರಿ ನನ್ನ ಹತ್ತಿರ ಇದೆ ಎಂದು ಜಂಬ ಕೊಚ್ಚಿದೆ. ಹುಡುಗಿಯರು ನಕ್ಕರು. ಆ ನಗೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಎಳ್ಳಮಾಸಿಗೆ ಸಂತಪುರದ ಹೊಲಕ್ಕೆ ಹೋದೆ. ದೂರದ ಕಡಲೆ ಹೊಲದಲ್ಲಿ ಹಿಂಡು ಮೇಯುವುದು ಕಾಣುತ್ತಿತ್ತು. ಈ ಸಲ ಕೂಗು ನಾನು ಹಾಕುತ್ತೇನೆ ಎಂದು ಕಾಕಾನಿಗೆ ಗಂಟುಬಿದ್ದೆ. ಹಾಕವ್ವ ತಾಯಿ, ನಿನ್ನ ಗಂಟಲು ನಿನಗೆ ಎಂದು ನಕ್ಕು ಅವನು ಚರಗದ ಬುಟ್ಟಿ ಎತ್ತಿದ. ನನ್ನ ಬಲಗೈಯಲ್ಲಿ ಬೆಲ್ಲದ ಉಂಡೆಯಿತ್ತು.

ಸುತ್ತಲಿನ ಹೊಲಗಳಲ್ಲೆಲ್ಲ ಕೂಗು ಎದ್ದಿತ್ತು. ಅಷ್ಟು ಕೂಗಿಗೂ ಹಿಂಡು ದೂರ ದೂರ ಸರಿಯುತ್ತಿತ್ತು. ನಾನು ಮೂರು ಸಲ ಕೂಗಿದೆ. ಹಿಂಡಿನಿಂದ ಒಂದು ಬೇರೆಯಾಯಿತು. ತಲೆ ಎತ್ತಿತು, ನನ್ನ ಕಡೆ ತಿರುಗಿತು, ಸೀದಾ ಓಡಿ ಬಂತು. ಆ ಕ್ಷಣ ನನಗಾದ ಹಿಗ್ಗನ್ನು ಇಲ್ಲವೆನ್ನಲಾರೆ. ನಡುವಿನ ಹೊಲದವರು ಊಟಕ್ಕೆ ಕೂತಿದ್ದರು. ಅವರ ಮೂರು ನಾಯಿಗಳು ರೊಟ್ಟಿಯ ತುಣುಕಿಗೆ ಕಾಯುತ್ತಿದ್ದವು. ಜನ ಕಂಡರೆ ಸುತ್ತುಹಾಕಿ ಹೋಗುವುದು ಚಿಗರಿಯ ಜಾಯಮಾನ. ನಮ್ಮದು ಜನರ ನಡುವೆಯೇ ನುಗ್ಗಿತು.

ಅವರು ಬಡಿಗೆ ತೆಗೆದುಕೊಂಡು ನಾಯಿಗಳನ್ನು ಹೊಡೆದು ಬಿಡಿಸುವಷ್ಟರಲ್ಲಿ ಚಿಗರಿಯ ಹೊಟ್ಟೆ ಹರಿದಿತ್ತು. ಕಾಕಾ ಎತ್ತಿ ತಂದು ಆಯಿಯ ತೊಡೆಯ ಮೇಲೆ ಮಲಗಿಸಿದ. ಇನ್ನೂ ಉಸಿರಿತ್ತು. ಅದು ಆಯಿಯ ಕಡೆ ನೋಡಲಿಲ್ಲ. ಮೂತಿ ಚಾಚಿ ನನ್ನ ಬಲಗೈಯನ್ನು ಮೂಸಲು ನೋಡಿತು. ಆಯಿ ಬೆಲ್ಲ ಕಂಡಾಳು ಎಂದು ನಾನು ಕೈಯನ್ನು ಬೆನ್ನ ಹಿಂದೆ ಅಡಗಿಸಿದೆ. ಹಾಗೆ ಚಾಚಿದ ಕುತ್ತಿಗೆಯಲ್ಲೇ ಅದು ಸತ್ತಿತು.

“ಮರತಿತ್ತಲ್ಲ. ನಾ ಕರದಾಗ ತಲಿನೂ ಎತ್ತಿರಲಿಲ್ಲ,” ಎಂದು ಆಯಿ ಎಲ್ಲರ ಮುಖ ನೋಡಿದಳು. ನನ್ನ ಮುಖವನ್ನೂ ನೋಡಿದಳು. ಅವತ್ತಿನಿಂದ ಆಯಿ ಎಳ್ಳಮಾಸಿಗೆ ಹೊಲಕ್ಕೆ ಹೋಗುವುದನ್ನು ಬಿಟ್ಟಳು. ಊರೆಲ್ಲ ಖಾಲಿಯಾದ ದಿನ ಅವಳೊಬ್ಬಳೇ ಮನೆಯಲ್ಲಿ ಕೂತಿರುತ್ತಿದ್ದಳು. ಯಾಕೆ ಎಂದು ಕೇಳಿದವರಿಗೆ, ತಾಯಿಯಿಂದ ಮರಿ ಅಗಲಿಸಿದವಳು ಯಾವ ಮುಖ ಹೊತ್ತು ಚರಗ ಚೆಲ್ಲಲಿ ಎನ್ನುತ್ತಿದ್ದಳು. ಪ್ರತಿ ವರ್ಷ ಆ ಮಾತು ನನ್ನ ಎದುರಿಗೇ ಆಡಿದಳು, ಪ್ರತಿ ವರ್ಷ ನಾನು ಅಂಬಲಿಯ ಗಡಿಗೆ ಎತ್ತಿಕೊಂಡು ಹೊರಗೆ ನಡೆದೆ.

ಮುಂದೆ ಅಪ್ಪನಿಗೆ ಬೀದರಕ್ಕೆ ವರ್ಗವಾಗಿ ಎಲ್ಲರೂ ಅಲ್ಲಿ ನೆಲೆಸಿದೆವು. ಆಯಿ ಹಾಸಿಗೆ ಹಿಡಿದ ವರ್ಷ ಎಳ್ಳಮಾಸಿಗೆ ನಾನು ಗಂಡನ ಮನೆಯಿಂದ ಬಂದಿದ್ದೆ. ಒಂದು ಬಟ್ಟಲು ಅಂಬಲಿ ಕುಡಿಸುತ್ತಿದ್ದೆ. ಅವಳು ಎರಡು ಗುಟುಕು ಕುಡಿದು ಸಾಕು ಎಂದಳು.

“ಅದು ಸತ್ತ ಪಾಪ ನಂದೇ ಅಲ್ಲೇನವ್ವ?”

ಹೇಳಬೇಕಿದ್ದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲಲ್ಲಿ ಅಪ್ಪ ನಿಂತಿದ್ದ, ಕಾಕಾ ನಿಂತಿದ್ದ.

“ನೀ ತಿಳದು ಮಾಡಿದ್ದಲ್ಲ ಆಯಿ. ಬಿಡು,” ಎಂದೆ.

ಎಷ್ಟು ಚೆಂದ ಸಮಾಧಾನ ಹೇಳಿದಳು ಎಂದು ಆಮೇಲೆ ಮನೆಯವರು ಮೆಚ್ಚಿದರು. ಆಯಿ ತಲೆ ಆಡಿಸಿ, ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಈ ಸಲ ಅದನ್ನು ಹಿಂದಕ್ಕೆ ಎಳೆದುಕೊಳ್ಳಲು ನನಗೆ ಆಗಲಿಲ್ಲ.