ಮುಟ್ಟು ಬರಲೆಂದು ಕಾದ ವೈನಿ

ಈ ಸಲ ಯುಗಾದಿಗೆ ಬೇವಿನ ಚಿಗುರು ಅರೆದು ಮಿಕ್ಸರಿನ ಮುಚ್ಚಳ ತೆಗೆದೆ. ಆ ಕಟು ವಾಸನೆ ಮೂಗಿಗೆ ಬಡಿದದ್ದೇ ತಡ, ವೈನಿ ನೆನಪಾದರು... ಪುಣೆಯ ಕೊಂಢವಾ ಬಡಾವಣೆಯಲ್ಲಿ, ಸಾಲುಖೋಲಿಗಳ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯವರು. ಅತ್ತಿಗೆ ಎಂಬರ್ಥದಲ್ಲಿ ಚಾಳಿನವರೆಲ್ಲ ಅವರನ್ನು ವೈನಿ ಎನ್ನುತ್ತಿದ್ದೆವು. ಕಲಬುರಗಿ ಕಡೆಯವರು, ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು.

ಹೆಣ್ಣುಕೂಸಿಗೆ ನಾಲ್ಕು ತಿಂಗಳು ತುಂಬುತ್ತಲೇ ವೈನಿ ಮತ್ತೆ ಕೆಲಸಕ್ಕೆ ಹೊರಟರು. ಬೆಳಿಗ್ಗೆ ಹಾಲೂಡಿಸಿ ಹೋದರೆ ಮತ್ತೆ ಸಂಜೆಯೇ. ನಡುವೆ ಅತ್ತೆ ಪ್ಯಾಕೆಟ್ ಹಾಲಿಗೆ ನೀರು ಬೆರೆಸಿ ಬಾಟಲಿಯಲ್ಲಿ ಕುಡಿಸುತ್ತಿದ್ದಳು. ಹೆರಿಗೆ ಮಾಡಿಸಿದ ನರ್ಸಬಾಯಿ ತಾಂಬಿ ಹಾಕಿಸಿಕೋ ಎಂದಿದ್ದಳಂತೆ. ಬಸಿರು ನಿಲ್ಲದಂತೆ ಹಾಕುವ ಕಾಪರ್-ಟಿಗೆ ಪುಣೆಯಲ್ಲಿ ಹಾಗೆನ್ನುತ್ತಾರೆ. ವೈನಿಗೂ ಮನಸ್ಸಿತ್ತು, ಅತ್ತೆ ಬಿಡಲಿಲ್ಲ.

"ಹಾಲು ಕುಡಸಾಕಿಗಿ ಎಲ್ಲಿ ಬಸರ? ಮೊದಲ ಮುಟ್ಟ ಬರಲಿ, ಆಮ್ಯಾಲ ನೋಡೂಣು."

ಮುದುಕಿಯ ಮಾತು ಅವಳ ಮಟ್ಟಿಗೆ ಸುಳ್ಳಲ್ಲ. ಅವಳು ಕೂಸನ್ನು ಹೊಲದ ಬದುವಿನಲ್ಲಿ ಮಲಗಿಸಿಕೊಂಡು, ಅತ್ತಾಗಲೆಲ್ಲ ಹಗಲು ರಾತ್ರಿ ಎದೆಗೆ ಹಾಕಿಕೊಂಡವಳು. ಸೊಸೆ ದಿನವಿಡೀ ಸಿಮೆಂಟು ಹೊರುವವಳು. ಹಾಗೆ ಹೊತ್ತುಗಟ್ಟಲೆ ಹಾಲೂಡಿಸದಿದ್ದರೆ ಮೈ ಮತ್ತೆ ಬಸಿರಿಗೆ ತಯಾರಾಗುತ್ತದೆ, ಮುಟ್ಟು ಬರುವ ಮೊದಲೇ ಬಸಿರಾಗಬಹುದು ಎಂದು ದವಾಖಾನೆಯಲ್ಲಿ ಹೇಳುವ ಹೊತ್ತಿಗೆ ವೈನಿ ಬಸುರಿಯಾಗಿದ್ದರು. ಅಟ್ಟ ಮೇಲೆ ಒಲೆ ಉರಿಯಿತು, ಅಷ್ಟೇ.

ಬಸುರಿಯ ಹಾಲು ಕೂಸಿಗೆ ನಂಜು ಎಂದು ಅತ್ತೆ ಅಂದೇ ಬೇವು ಅರೆದು ಸೊಸೆಯ ಎದೆಗೆ ಹಚ್ಚಿಸಿದಳು. ಕುಡಿಸಬಹುದು ಎಂದು ಡಾಕ್ಟರ್ ಹೇಳಿದ್ದರು, ಕೇಳುವವರಾರು? ಕೂಸು ಬಾಯಿ ಹಾಕುವುದು, ಮುಖ ಕಿವಿಚಿ ಚೀರುವುದು, ಮತ್ತೆ ಬಾಯಿ ಹಾಕುವುದು... ಗೋಡೆಯ ಈಚೆ ನನಗೆ ಅನ್ನ ಸೇರುತ್ತಿರಲಿಲ್ಲ. ಗಂಡನೆನಿಸಿಕೊಂಡವನು ಹೊಸ್ತಿಲಲ್ಲಿ ಕೂತು ತಂಬಾಕು ತಿಕ್ಕುತ್ತಿದ್ದ. ಬೇಸಿಗೆಯಲ್ಲಿ ಕೆಟ್ಟ ಬಾಟಲಿ ಹಾಲು ಕುಡಿದು ಕೂಸಿಗೆ ಭೇದಿ ಹತ್ತಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

"ಹೊಟ್ಟ್ಯಾಗಿಂದು ಗಂಡು ಅದ ತಗೋ, ಅಳಬ್ಯಾಡ" ಎಂದಳು ಅತ್ತೆ. ಆ ಬಾಯಿಗೆ ಹುಳ ಬೀಳಲಿ ಎಂದು ಶಪಿಸಿದ್ದೆ. ಇವತ್ತಿಗೂ ಆ ಶಾಪ ಹಿಂದೆ ತಗೊಂಡಿಲ್ಲ.

ಗಂಡೇ ಹುಟ್ಟಿತು. ಬಾಣಂತಿಯನ್ನು ನೋಡಲು ಹೋದಾಗ ಮಗ ಹೊಟ್ಟೆ ತುಂಬಿ ಮಲಗಿದ್ದ. ವೈನಿಯ ರವಿಕೆಯೆಲ್ಲ ತೊಯ್ದಿತ್ತು. ಎದೆ ಹಿಂಡಿ ಹಿಂಡಿ ಹಾಲನ್ನು ಬಟ್ಟಲಿಗೆ ತೆಗೆಯುತ್ತಿದ್ದರು.

"ನೋಡ್ರೀ ಅಕ್ಕಾರ, ಈಗ ಇಬ್ಬರಿಗಿ ಸಾಲಂಗ ಬರ್ಲಾಕತ್ತದ."

ಅವರು ಅಳಲಿಲ್ಲ. ಎದ್ದು ಆ ಹಾಲನ್ನು ಮೋರಿಗೆ ಚೆಲ್ಲಿ ಬಟ್ಟಲು ತೊಳೆದಿಟ್ಟರು. ನನಗೇ ಅಲ್ಲಿ ಕೂರಲಾಗಲಿಲ್ಲ.

ಕಟ್ಟಡ ಮುಗಿದ ಮೇಲೆ ಅವರು ಬೇರೆ ಕೆಲಸ ಹುಡುಕಿಕೊಂಡು ಎಲ್ಲಿಗೋ ಹೋದರು... ಚಾಳನ್ನೂ ಕೆಡವಿದ್ದಾರೆ. ಆ ಮಗ ಈಗ ಶಾಲೆಗೆ ಹೋಗುತ್ತಿರಬೇಕು. ತನಗೊಬ್ಬಳು ಅಕ್ಕ ಇದ್ದಳೆಂದು ಅವನಿಗೆ ಯಾರು ಹೇಳುತ್ತಾರೆ? ಅತ್ತೆ ಹೇಳುವವಳಲ್ಲ, ವೈನಿಯಿಂದ ಹೇಳಲಾಗದು. ಹಬ್ಬದ ದಿನ ನಾನೇ ಹೇಳಿಬಿಡಬೇಕೆನಿಸಿತು. ಅವನು ಎಲ್ಲಿದ್ದಾನೋ ನನಗೆ ಗೊತ್ತಿಲ್ಲ.