ಸೂಜಿಯ ತುದಿಯ ಹನಿ

ಸೂಜಿಯ ತುದಿಯಲ್ಲಿ ಒಂದು ಹನಿ ನಿಲ್ಲುತ್ತಿತ್ತು. ಗಾಜಿನ ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದು ಉಗುರಿನಿಂದ ತಟ್ಟಿದ ಮೇಲೆ, ಆ ಹನಿ ಉರುಳಿ ಬೀಳುವ ತನಕ ನಮ್ಮೂರ ಡಾಕ್ಟರ್ ಮಾತಾಡುತ್ತಿರಲಿಲ್ಲ. ಕಾಯುತ್ತ ಕೂತವರೂ ಮಾತಾಡುತ್ತಿರಲಿಲ್ಲ. ಊರು ನೆನಪಾದಾಗಲೆಲ್ಲ ನನಗೆ ಮೊದಲು ಕಾಣುವುದು ಆ ಹನಿ. ಅದರೊಳಗೆ ತಲೆಕೆಳಗಾಗಿ ನಿಂತ ಕಿಟಕಿ, ಬೇವಿನ ಗಿಡ, ಬಿಸಿಲು.

ಊರು ಮಂಗಳೂರು. ಕಡಲ ದಂಡೆಯದಲ್ಲ, ಯಲಬುರ್ಗಾ ಕಡೆಯ ಎರೆ ಹೊಲಗಳ ನಡುವಿನದು. ಅವರು ಊರಿಗೆಲ್ಲ ಡಾಕ್ಟರ್, ನನಗೆ ಡಾಕ್ಟರ್ ಕಾಕಾ. ಗದಗಿನಲ್ಲಿ ದೊಡ್ಡ ವೈದ್ಯರೊಬ್ಬರ ಬಳಿ ಕಂಪೌಂಡರ್ ಆಗಿದ್ದವರು, ಎಪ್ಪತ್ತರ ದಶಕದ ಮೊದಲಿಗೆ ನಮ್ಮ ಓಣಿಗೆ ಬಂದು ಬಾಡಿಗೆ ಕೋಣೆಯಲ್ಲಿ ದವಾಖಾನೆ ತೆರೆದರು. ಬೋರ್ಡಿನಲ್ಲಿ ಹೆಸರಿನ ಮುಂದೆ ಡಿಗ್ರಿ ಇರಲಿಲ್ಲ. ಆ ಜಾಗ ಖಾಲಿ ಕಾಣಬಾರದೆಂದು ಒಂದು ಗುಲಾಬಿ ಹೂ ಬರೆಸಿದ್ದರು.

ಬಂದವರಿಗೆಲ್ಲ ಸೂಜಿ. ಜ್ವರಕ್ಕೆ, ಕೆಮ್ಮಿಗೆ, ಸುಸ್ತಿಗೆ, ಮಗಳ ಮದುವೆಯ ಚಿಂತೆಗೆ ಕೂಡ. ಒಮ್ಮೆ ಮುದುಕರೊಬ್ಬರು ದೂರು ತಂದಿದ್ದರು: "ಮೊನ್ನಿ ಸೂಜಿ ನೋಯಲೇ ಇಲ್ರಿ, ಅದಕ್ಕ ಗುಣ ಹತ್ತಿಲ್ಲ. ಈ ಸಲ ನೋಯೂ ಹಂಗ ಹಾಕ್ರಿ."

"ಹೌದೇನು ಮುತ್ಯಾ? ತಡಿ, ಎತ್ತಿಗೆ ಹಾಕೋದು ತರಸ್ತೀನಿ."

ಧಾರವಾಡದಲ್ಲಿ ಎಂ.ಎ. ಓದುವಾಗ, ಹಳ್ಳಿಗಳ ಖಾಸಗಿ ಡಾಕ್ಟರುಗಳಿಂದ ನಾಡಿನ ಆರೋಗ್ಯಕ್ಕೆ ಏನಾಗಿದೆ ಎಂದು ನೋಡಿ ಬರೆಯುವ ಕೆಲಸವನ್ನು ನನ್ನ ಪ್ರಾಧ್ಯಾಪಕರು ನನಗೆ ವಹಿಸಿದರು. ರಜೆಗೆ ಬಂದವಳು ಕಾಕಾನ ಕೋಣೆಯ ಮೂಲೆಯಲ್ಲಿ ಕೂತೆ. ಮಧ್ಯಾಹ್ನದ ಹೊತ್ತು, ಸ್ಟೋ ಮೇಲೆ ಸೂಜಿಗಳು ಕುದಿಯುವ ಸದ್ದಿಗೆ ನಿದ್ದೆ ಕವಿದಂತಾಗುತ್ತಿತ್ತು.

"ಕಾಕಾ, ಬೇಕಿಲ್ಲದವ್ರಿಗೂ ಸೂಜಿ ಯಾಕ ಹಾಕ್ತೀರಿ?"

ಅವರಿಗೆ ಸಿಟ್ಟು ಬರಲಿಲ್ಲ. "ನಾ ಹಾಕದಿದ್ರ ಇನ್ನೊಂದೂರಿಗೆ ಹೋಗಿ ಹಾಕಿಸ್ಕೊಂತಾರವ್ವಾ. ಸೂಜಿ ಹಾಕಲಿಲ್ಲಂದ್ರ ನಮ್ಮ ಮಂದಿ ಏನ್ ತಿಳೀತಾರ ಗೊತ್ತೇನು? ಡಾಕ್ಟರ್ ಕೈಬಿಟ್ಟ, ಇನ್ನ ಉಳಿಯಂಗಿಲ್ಲ ಅಂತ."

ಆ ಮಾತಿನ ಅರ್ಥ ಅದೇ ರಜೆಯಲ್ಲಿ ನಮ್ಮ ಮನೆಗೇ ಬಂತು. ಅವ್ವನಿಗೆ ಎರಡು ದಿನದಿಂದ ಇದ್ದ ಹೊಟ್ಟೆನೋವು ಒಂದು ಬೆಳಿಗ್ಗೆ ತಡೆಯಲಾರದಷ್ಟಾಯಿತು. ಕಾಕಾ ಬಂದು ಬಲಗಡೆ ಕಿಬ್ಬೊಟ್ಟೆ ಒತ್ತಿ ನೋಡಿದರು. ಅವರ ಮುಖದ ನಗೆ ಹೋಯಿತು.

"ಕರುಳು ಬಾತೈತಿ. ಕೊಯ್ದು ತಗೀಬೇಕು, ನನ್ನ ಕೈಯಾಗಿನ ಕೆಲಸಲ್ಲ. ಈಗಿಂದೀಗ ಕೊಪ್ಪಳಕ್ಕ ಒಯ್ಯೂನು."

"ನೋವಿಗೊಂದು ಸೂಜಿನಾರ ಹಾಕ್ರಿ," ಎಂದ ಅಪ್ಪ.

"ಬ್ಯಾಡ. ನೋವು ಅಡಗಿದ್ರ ನಾಳೆ ಹೋದ್ರಾತು ಅಂತೀರಿ. ನಾಳೆತನಾ ತಡಿಯಂಗಿಲ್ಲ ಇದು." ಗಾಡಿ ನೋಡಲೆಂದು ಹೊರಟೇಬಿಟ್ಟರು. ಚೀಲ ತೆರೆಯಲಿಲ್ಲ.

ಚೀಲ ತೆರೆಯದೆ ಹೋದದ್ದನ್ನು ಇಡೀ ಓಣಿ ನೋಡಿತ್ತು. ಅಪ್ಪನ ಅಕ್ಕ, ನಮ್ಮ ಅತ್ತಿ, ಹೊಸ್ತಿಲಲ್ಲಿ ಕೂತು ಅಳತೊಡಗಿದಳು. "ಸೂಜಿ ಹಾಕದ ಹ್ವಾದ್ನಲ್ಲೋ ಡಾಕ್ಟರ್! ಇನ್ನೇನೈತಿ? ಹಾದ್ಯಾಗ ಜೀವ ಹೋಗೂದು ಬ್ಯಾಡ. ಕಣ್ಣ ಮುಚ್ಚೂದಿದ್ರ ತನ್ನ ಮನ್ಯಾಗ ಮುಚ್ಚಲಿ."

ಅಂಗಳ ತುಂಬಿತು. ಗಾಡಿಯಲ್ಲಿ ಹಾಸಲೆಂದು ಕೈಯಲ್ಲಿ ಹಿಡಿದಿದ್ದ ಕೌದಿಯನ್ನು ಅಪ್ಪ ಕೆಳಗಿಟ್ಟ. ಕೊಯ್ದರೆ ಉಳಿಯುತ್ತಾಳೆ ಎಂದು ನಾನು ಎಷ್ಟು ಹೇಳಿದರೂ ನನ್ನ ದನಿ ಆ ಅಳುವಿನ ಆಚೆ ದಡದಲ್ಲೇ ಉಳಿಯಿತು. ಒಳಗೆ ಅವ್ವ ಮಾತ್ರ ಕಣ್ಣು ತೆರೆದು ಮಾಳಿಗೆಯ ಜಂತಿ ನೋಡುತ್ತಿದ್ದಳು. ಅವಳಿಗೂ ಎಲ್ಲ ಕೇಳಿಸುತ್ತಿತ್ತು.

ಶೇಂಗಾ ವ್ಯಾಪಾರಿಯ ಲಾರಿ ಓಣಿಯ ತುದಿಗೆ ಬಂದು ನಿಂತಿತು. ಕಾಕಾ ಇಳಿದು ಬಂದವರು ಬಾಗಿಲಲ್ಲಿ ನಿಂತು ಕೂತವರನ್ನೆಲ್ಲ ನೋಡಿದರು. ಯಾರೂ ಏಳಲಿಲ್ಲ. ಅವರು ವಾದಿಸಲಿಲ್ಲ. ನಮ್ಮ ಅಡುಗೆಮನೆಯ ಸ್ಟೋ ಹಚ್ಚಿಸಿ ಸೂಜಿ ಕುದಿಸಿದರು. ಚೀಲದಿಂದ ಒಂದು ಸಣ್ಣ ಗಾಜಿನ ಕೊಳವೆ ತೆಗೆದು ಕತ್ತು ಮುರಿದರು. ಪಕ್ಕದಲ್ಲಿದ್ದ ನಾನು ಅದರ ಮೇಲಿನ ಅಕ್ಷರ ಓದಿದೆ. ಅದು ಔಷಧಿಯಲ್ಲ, ಪುಡಿಮದ್ದು ಕಲಸಲು ಬಳಸುವ ಬರೀ ನೀರು. ಅವರು ನನ್ನನ್ನೊಮ್ಮೆ ನೋಡಿದರು. ಮುರಿದ ಗಾಜನ್ನು ಕೋಟಿನ ಜೇಬಿಗೆ ಹಾಕಿಕೊಂಡರು.

ಸಿರಿಂಜು ಬೆಳಕಿಗೆ ಏರಿತು. ಉಗುರಿನ ಸದ್ದು. ತುದಿಯಲ್ಲಿ ಹನಿ ನಿಂತಿತು. ಅಂಗಳದ ಅಳು ತಾನಾಗಿ ನಿಂತುಹೋಯಿತು.

"ಭಾಳ ಜೋರಿನ ಸೂಜಿ ಇದು," ಎಂದರು, ಅವ್ವನ ತೋಳು ಒರೆಸುತ್ತ. "ಕೊಪ್ಪಳ ಮುಟ್ಟೂತನಾ ಜೀವ ಹಿಡೀತೈತಿ. ಆಮ್ಯಾಲಿಂದು ನನ್ನ ಕೇಳಬ್ಯಾಡ್ರಿ. ಏಳ್ರಿ!"

ಮೊದಲು ಎದ್ದವಳು ಅತ್ತಿ. "ಕೌದಿ ಹಾಸ್ರೋ ಲಾರ್ಯಾಗ! ಏನ್ ಮಾರಿ ಮಾರಿ ನೋಡ್ತೀರಿ?"

ಆ ದಾರಿ ನನಗೆ ಕನಸಿನಲ್ಲಿ ಈಗಲೂ ಬರುತ್ತದೆ. ಚೀಲಗಳ ನಡುವೆ ಮಲಗಿದ ಅವ್ವ, ಅವಳ ಮುಖಕ್ಕೆ ಬಿಸಿಲು ಬೀಳದಂತೆ ಕೊಡೆ ಹಿಡಿದು ಕೂತ ಕಾಕಾ, ಎರಡೂ ಕಡೆ ತೇಲಿ ಹಿಂದಕ್ಕೆ ಸರಿಯುವ ಜೋಳದ ಹೊಲಗಳು. ಲಾರಿ ಮುಂದೆ ಹೋಗುತ್ತಿತ್ತೋ ಹೊಲಗಳೇ ನಮ್ಮನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದವೋ, ಹೇಳಲಾರೆ.

ಅವ್ವ ಉಳಿದಳು. ಸರಕಾರಿ ದವಾಖಾನೆಯ ಸರ್ಜನ್ ಹೊತ್ತಿಗೆ ಸರಿಯಾಗಿ ಕೊಯ್ದು ಹೊಲಿದರು. ಆದರೆ ಅವಳ ಪಾಲಿಗೆ ತನ್ನನ್ನು ಉಳಿಸಿದ್ದು ಚಾಕು ಅಲ್ಲ, ಆ ಸೂಜಿ. ನಾನು ತಿದ್ದಲಿಲ್ಲ. ಕಾಕಾ ಮರುವಾರವೇ ಮತ್ತೆ ಸುಸ್ತಿಗೂ ಚಿಂತೆಗೂ ಸೂಜಿ ಹಾಕುತ್ತಿದ್ದರು.

ನಾನು ಬರೆದದ್ದನ್ನು ಓದಿ ಪ್ರಾಧ್ಯಾಪಕರು ಕೇಳಿದರು, ಒಟ್ಟಿನಲ್ಲಿ ಇಂಥವರಿಂದ ಒಳಿತೋ ಕೆಡುಕೋ ಎಂದು. ಎರಡೂ ಎಂದೆ. ಆ ನೀರಿನ ವಿಷಯ ನಾನು ಅದರಲ್ಲಿ ಬರೆದಿರಲಿಲ್ಲ. ಅದನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿದಿರಲಿಲ್ಲ.

ಕೆಲವು ವರ್ಷದ ಮೇಲೆ, ನಾನು ಊರಲ್ಲಿದ್ದಾಗಲೇ, ಅವರು ಮಧ್ಯಾಹ್ನ ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಸಂಜೆಯೊಳಗೆ ಊರವರು ಮಣ್ಣು ಮಾಡಿ ಬಂದರು. ಅವ್ವ ತನ್ನ ತೋಳನ್ನು ಸವರಿಕೊಳ್ಳುತ್ತ ಕೂತಿದ್ದಳು.

ಮರುದಿನ ಬೆಳಿಗ್ಗೆ ದವಾಖಾನೆಯ ಮುಂದೆ ಹಾದು ಹೊರಟಿದ್ದೆ. ಮುಚ್ಚಿದ ಬಾಗಿಲ ಮೆಟ್ಟಿಲಲ್ಲಿ ಪಕ್ಕದ ಹಳ್ಳಿಯ ಮುದುಕಿಯೊಬ್ಬಳು ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಗುವಿನ ಮೈ ಸುಡುತ್ತಿತ್ತು, ಉಸಿರು ಸೀಟಿಯಂತೆ ಕೇಳುತ್ತಿತ್ತು.

"ಡಾಕ್ಟರ್ ಇನ್ನಾ ಎದ್ದಿಲ್ಲೇನವ್ವಾ?"

ಕಾಕಾ ತೀರಿಹೋದದ್ದನ್ನು ಹೇಳಿದೆ. ಅವಳು ತಲೆಯೆತ್ತಿ ಬೋರ್ಡಿನ ಗುಲಾಬಿಯನ್ನು ನೋಡಿದಳು.

"ಹಂಗಾರ ಇದಕ್ಕ ಸೂಜಿ ಯಾರ್ ಹಾಕ್ತಾರ?"

"ಕೊಪ್ಪಳಕ್ಕ ಹೋಗೂನು ಬಾ ಆಯಿ. ಬಸ್ಸು ಬರೂ ಹೊತ್ತಾತು."

"ಸರಕಾರಿ ದವಾಖಾನ್ಯಾಗ ಸೂಜಿ ಹಾಕ್ತಾರೇನು?" ಅವಳು ಏಳಲಿಲ್ಲ. ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ನನಗೆ ಗೊತ್ತಿರಲಿಲ್ಲ.

"ಹಾಕ್ತಾರಬೇ," ಎಂದೆ. "ಭಾಳ ಜೋರಿನ ಸೂಜಿ."

ಅವಳು ಎದ್ದಳು. ನಾನು ಮಗುವನ್ನು ಎತ್ತಿಕೊಂಡು ಬಸ್ಸಿನ ಕಡೆ ನಡೆದೆ.