ರೈಟರ್ ಹಾಕದ ಹಾಜರಿ

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ. ಸುಂಟಿಕೊಪ್ಪದಲ್ಲಿ ನಮ್ಮಪ್ಪ ಮೇಷ್ಟ್ರು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಕಾಫಿ ಎಸ್ಟೇಟಿನ ಆಳುಗಳ ಮನೆಸಾಲು, ಲೈನಿನ ಹುಡುಗಿ. ಮನೆಯಲ್ಲಿ ತಮಿಳು, ನನ್ನೊಡನೆ ಕನ್ನಡ. ಕಾಫಿ ಹಣ್ಣಾದ ಕೂಡಲೇ ಅವಳನ್ನು ಶಾಲೆ ಬಿಡಿಸಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಕಳಿಸುವುದೆಂದು ಮನೆಯವರು ತೀರ್ಮಾನಿಸಿದ್ದರು. ಅಷ್ಟರೊಳಗೆ ಅಪ್ಪನ ಕಪಾಟಿನಲ್ಲಿದ್ದ ದಪ್ಪ ಕಾದಂಬರಿಯನ್ನು ಅವಳಿಗೆ ಓದಿ ಮುಗಿಸಬೇಕೆಂದು ನನಗೆ ಹಟ.

ಎಲ್ಲರೂ ಹೊಗಳುವ ಹಳೆಯ ಕಾದಂಬರಿ ಅದು. ಇಬ್ಬರು ಗೆಳೆಯರು. ಒಬ್ಬ ಮಹಾ ಬುದ್ಧಿವಂತ, ಇನ್ನೊಬ್ಬ ಮೈಮುರಿದು ದುಡಿಯುವವನು. ದುಡಿಯುವವನು ಕಾಡು ಕಡಿದು ಗದ್ದೆ ಮಾಡುತ್ತಾನೆ, ಬುದ್ಧಿವಂತ ದೊಡ್ಡ ಮನುಷ್ಯನಾಗುತ್ತಾನೆ. ಅರ್ಧ ಪುಸ್ತಕ ದಾಟಿದ ಮೇಲೆ ದುಡಿದವನ ಸುದ್ದಿಯೇ ಇಲ್ಲ! ಕೊನೆಯ ಪುಟ ಓದಿದಾಗ ಅವಳ ಮುಖ ಸಪ್ಪಗಾಯಿತು.

"ಅವ್ನು ಎಲ್ಲಿಗೋದ?"

"ಬರ್ದಿಲ್ಲ ಕಣೇ."

"ಇದನ್ನ ಬರ್ದೋರು ಯಾರು?"

"ರೈಟರ್" ಎಂದೆ, ನನಗೆ ಇಂಗ್ಲಿಷ್ ಬರುತ್ತದೆಂಬ ಜಂಬದಲ್ಲಿ.

"ಅಯ್ಯೋ, ರೈಟರಾ! ಹಂಗಾದ್ರೆ ಬಿಡು. ಅವ್ನು ಕೆಲ್ಸಕ್ಕೆ ಬಂದೇ ಇರ್ತಾನೆ. ಈ ರೈಟರ್ ಹಾಜರಿ ಹಾಕಿಲ್ಲ ಅಷ್ಟೇ."

ಎಸ್ಟೇಟಿನಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು. ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ.

ಇಬ್ಬರೂ ಹೋಗಿ ಅಪ್ಪನನ್ನು ಕೇಳಿದೆವು. "ಅದು ಸ್ನೇಹದ ಕತೆ. ಕೈ ಕೆಸರಾದರೆ ಬಾಯಿ ಮೊಸರು ಅಂತ ಕಲಿಸುತ್ತೆ" ಎಂದರು ಅಪ್ಪ.

"ಕೆಸರಾಗಿದ್ದು ಅವನ ಕೈ ಸಾರ್, ಮೊಸರು ಇವನ ಬಾಯಿಗೆ" ಎಂದುಬಿಟ್ಟಳು.

"ತಲೆಹರಟೆ" ಎಂದು ಗದರಿದರು. ನನಗೆ ಸಿಟ್ಟು ಬಂತು. ಅಪ್ಪನ ಮೇಲೋ, ಆ ಪುಸ್ತಕದ ಮೇಲೋ, ಇವಳ ಮೇಲೋ? ಹಾಳಾದ್ದು, ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಾಗುತ್ತಿಲ್ಲ. ಸ್ನೇಹವೇ ಆಗಿದ್ದರೆ ಆ ಬುದ್ಧಿವಂತ ತನ್ನ ಗೆಳೆಯನನ್ನು ಒಮ್ಮೆಯಾದರೂ ಹುಡುಕಬೇಡವೇ?

ಹಣ್ಣು ಕೆಂಪಾಯಿತು. ಶಾಲೆಗೆ ಬಂದ ಕೊನೆಯ ದಿನ ಅವಳು ನನ್ನ ಕೈ ಹಿಡಿದು, "ನೀನು ರೈಟರ್ ಆದ್ರೆ ನನ್ ಹೆಸ್ರು ಬಿಡಬ್ಯಾಡ, ಆಯ್ತಾ?" ಎಂದಳು. ಯಾವ ರೈಟರ್ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೂಂ ಎಂದು ತಲೆ ಆಡಿಸಿದೆ.

ಇವತ್ತು ಬರೆಯಲು ಕೂತಿದ್ದೇನೆ. ಯಾವ ಹೆಸರು ಹಾಕಲಿ? ಅವಳಮ್ಮ ಕರೆಯುತ್ತಿದ್ದದ್ದು ಒಂದು. ಶಾಲೆಗೆ ಸೇರಿಸುವಾಗ ನಮ್ಮಪ್ಪ ಕನ್ನಡ ಮಾಡಿ ಬರೆದದ್ದು ಇನ್ನೊಂದು. ಅಮ್ಮ ಕರೆಯುವ ಹೆಸರಿನವರು ಲೈನಿನಲ್ಲಿ ಬೇಕಾದಷ್ಟಿದ್ದಾರೆಂದು ಎಸ್ಟೇಟಿನ ರೈಟರ್ ಇಟ್ಟದ್ದು ಮತ್ತೊಂದು. ಯಾವುದನ್ನು ಕೂಗಿದರೂ ಓಗೊಡುತ್ತಿದ್ದಳು. ನಾನಂತೂ ಅವಳನ್ನು ಯಾವಾಗಲೂ "ಲೇ" ಎಂದೇ ಕರೆಯುತ್ತಿದ್ದೆ.